ನೀಲಗಿರಿ ತೋಪಿನ ಆವಿಯನ್ನು ಹೊಗೆಯಿಂದ ಬೇರ್ಪಡಿಸಿ ಅಳೆದ ಬಗೆ

ನೀಲಗಿರಿ ಎಲೆಯನ್ನು ಹೊಸಕಿದಾಗ ಮೂಗಿಗೆ ಬಡಿಯುವ ಘಾಟು ಸಿನಿಯೋಲ್ ಮತ್ತು ಪೈನೀನ್‌ನದು. ಎರಡೂ ಉರಿಯುವಂಥವು, ಎರಡೂ ಎಲೆಗೆ ಬೆಂಕಿ ತಗಲುವ ಮೊದಲೇ ಅದರ ಕಾವಿಗೆ ಹೊರಬರುತ್ತವೆ. ಈ ಆವಿಯನ್ನು ಅಳೆಯುವುದು ಅಷ್ಟೇನೂ ಕಷ್ಟವಲ್ಲ. ಹೊಗೆ ಮತ್ತು ತೇವದಿಂದ ಬೇರ್ಪಡಿಸುವುದರಲ್ಲೇ ನಮ್ಮ ಹೆಚ್ಚಿನ ಶ್ರಮ ಹೋಯಿತು.

ಮೊದಲು ಎಲ್ಲರ ಕೈಗೂ ಸಿಗುವುದು ಎಂಕ್ಯೂ-2, ಅಡುಗೆ ಗ್ಯಾಸ್ ಸೋರಿಕೆಗೆ ಬಳಸುವ ಸೆನ್ಸರ್. ಅದು ಪೈನೀನ್‌ಗೂ ಏರುತ್ತದೆ, ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೂ ಹೈಡ್ರೋಜನ್‌ಗೂ ಏರುತ್ತದೆ, ಗಾಳಿಯ ತೇವ ಬದಲಾದರೂ ಅಲುಗಾಡುತ್ತದೆ. ಹೀಟರ್ 5 ವೋಲ್ಟ್‌ನಲ್ಲಿ ಸುಮಾರು 150 ಮಿಲಿಆಂಪ್ ಎಳೆಯುವುದರಿಂದ ಒಂದು ದಿನಕ್ಕೇ 3.6 ಆಂಪ್-ಅವರ್ ಖರ್ಚು. 24 ಗಂಟೆ ಕಾಯಿಸದೆ ಅದರ ಓದನ್ನು ನಂಬುವಂತಿಲ್ಲ. ಗಣಿಗಳಲ್ಲಿ ಬಳಸುವ ಪೆಲಿಸ್ಟರ್, ಅಂದರೆ ಅನಿಲವನ್ನು ಪುಟ್ಟ ಮಣಿಯ ಮೇಲೆ ಉರಿಸಿ ಆ ಕಾವನ್ನು ಅಳೆಯುವ ಮಾದರಿ, ಈ ಕೆಲಸಕ್ಕೆ ತೀರ ಒರಟು. ಪೈನೀನ್ ಹೊತ್ತಿಕೊಳ್ಳಲು ಗಾಳಿಯಲ್ಲಿ ಸುಮಾರು 0.8% ಇರಬೇಕು, ಅಂದರೆ 8,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 8,000 ಭಾಗ). ಆ ಮಟ್ಟದ ಶೇಕಡಾ ಒಂದನ್ನಷ್ಟೇ ಗುರುತಿಸುವ ಮೀಟರ್‌ಗೆ 80 ಪಿಪಿಎಂಗಿಂತ ಕಡಿಮೆ ಇದ್ದುದೆಲ್ಲ ಸೊನ್ನೆ.

ಕೊನೆಗೆ ನೆಚ್ಚಿಕೊಂಡದ್ದು 10.6 ಎಲೆಕ್ಟ್ರಾನ್ ವೋಲ್ಟ್ ದೀಪದ ಪಿಐಡಿ ಮಾಡ್ಯೂಲ್, ಅಂದರೆ ನೇರಳಾತೀತ ಬೆಳಕಿನಿಂದ ಆವಿಯನ್ನು ಅಯಾನೀಕರಿಸಿ ಅಳೆಯುವ ಸೆನ್ಸರ್. ಪೈನೀನ್, ಲಿಮೋನೀನ್, ಐಸೋಪ್ರೀನ್‌ಗಳನ್ನು ಅದು ಅಯಾನೀಕರಿಸುತ್ತದೆ. ಮೀಥೇನ್, ಕಾರ್ಬನ್ ಮಾನಾಕ್ಸೈಡ್, ನೀರಾವಿ ಅದಕ್ಕೆ ಕಾಣುವುದಿಲ್ಲ, ಆದರೂ ತೇವ ಅದರ ಓದನ್ನು ತಗ್ಗಿಸುತ್ತದೆ. ಹೊಗೆಯಲ್ಲಿರುವ ಬೆಂಜೀನ್, ಫೀನಾಲ್‌ಗಳು ಮಾತ್ರ ಕಾಣುತ್ತವೆ. ಹಾಗಾಗಿ ಪಕ್ಕದಲ್ಲೇ ಒಂದು ಕಾರ್ಬನ್ ಮಾನಾಕ್ಸೈಡ್ ಸೆಲ್ ಮತ್ತು ಎಸ್‌ಎಚ್‌ಟಿ31 ತೇವ ಸೆನ್ಸರ್ ಇರಲೇಬೇಕು. ಎಲ್ಲವನ್ನೂ ಓದುವ ಇಎಸ್‌ಪಿ32 ಮೈಕ್ರೋಕಂಟ್ರೋಲರ್‌ನ ಒಳಗಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಸಮಪ್ರಮಾಣದಲ್ಲಿ ಓದುವುದಿಲ್ಲ, ಹೊರಗೆ ಪ್ರತ್ಯೇಕ ಎಡಿಸಿ ಚಿಪ್ ಎಡಿಎಸ್1115 ಹಾಕಿ. ಮಾಹಿತಿ ಕಳಿಸಲು 865–867 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ, ಭಾರತದಲ್ಲಿ ಇದಕ್ಕೆ ಪರವಾನಗಿ ಬೇಡ.

ಗಾಳಿ ಎಳೆಯುವ ಕೊಳವೆ ಪಿಟಿಎಫ್‌ಇ (ಟೆಫ್ಲಾನ್) ಯದೇ ಆಗಿರಬೇಕು, 30 ಸೆಂಟಿಮೀಟರ್‌ಗಿಂತ ಉದ್ದ ಬೇಡ. ಸಿಲಿಕೋನ್ ಅಥವಾ ಪಿವಿಸಿ ಕೊಳವೆ ಪೈನೀನ್‌ನಂಥ ಟರ್ಪೀನ್‌ಗಳನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಆವಿ ಹೋಗಿ ಎಷ್ಟೋ ಹೊತ್ತಾದರೂ ಓದು ಇಳಿಯದಿದ್ದರೆ ಮೊದಲ ಅನುಮಾನ ಕೊಳವೆಯ ಮೇಲಿರಲಿ. ಪಂಪಿನೊಳಗಿನ ರಬ್ಬರ್ ಪೊರೆಯೂ ಹೀಗೇ ಮಾಡುವುದರಿಂದ ಪಂಪ್ ಸೆನ್ಸರ್‌ನ ನಂತರ ಬರಬೇಕು, ಮುಂಚೆ ಅಲ್ಲ. ನಿಮಿಷಕ್ಕೆ 300 ಮಿಲಿಲೀಟರ್ ಹರಿವು ಸಾಕು. ಮಳೆ ನುಗ್ಗದಂತೆ ಪೆಟ್ಟಿಗೆಗೆ ಸಿಲಿಕೋನ್ ಸೀಲೆಂಟ್ ಬಳಿಯುವ ಅಭ್ಯಾಸ ಬಿಡಿ. ಅದರ ಆವಿ ಎಂಕ್ಯೂ ಸೆನ್ಸರ್‌ಗೂ ಪೆಲಿಸ್ಟರ್‌ಗೂ ವಿಷ. ರಬ್ಬರ್ ಗ್ಯಾಸ್ಕೆಟ್ ಹಾಕಿ.

ಕ್ಯಾಲಿಬ್ರೇಶನ್‌ಗೆ ಅಂಗಡಿಯ ನೀಲಗಿರಿ ಎಣ್ಣೆಯೇ ಸಾಕಾಯಿತು. 20 ಲೀಟರ್ ಗಾಜಿನ ಪಾತ್ರೆಯೊಳಗೆ ಫಿಲ್ಟರ್ ಕಾಗದದ ಪಟ್ಟಿ ಇಳಿಬಿಟ್ಟು, ಮೈಕ್ರೋ ಸಿರಿಂಜ್‌ನಿಂದ 10 ಮೈಕ್ರೋಲೀಟರ್ ಅದರ ಮೇಲೆ ಹಾಕಿ, ಸಣ್ಣ ಫ್ಯಾನ್ ತಿರುಗಿಸಿ. 25 ಡಿಗ್ರಿಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ ಅದು ಸುಮಾರು 75 ಪಿಪಿಎಂ. ಎಣ್ಣೆಯಲ್ಲಿ ಸಿನಿಯೋಲ್ ಎಷ್ಟು, ಪೈನೀನ್ ಎಷ್ಟು ಎಂಬುದರಿಂದ ಈ ಲೆಕ್ಕ ಹೆಚ್ಚು ಕದಲುವುದಿಲ್ಲ, ಎರಡರ ಅಣುತೂಕ ಹತ್ತಿರ ಹತ್ತಿರ. ಎತ್ತರ ಮಾತ್ರ ಲೆಕ್ಕಕ್ಕೆ ಬರುತ್ತದೆ: ಬೆಂಗಳೂರಿನಲ್ಲಿ ಗಾಳಿಯೊತ್ತಡ ಸುಮಾರು 10% ಕಡಿಮೆ, ಅಲ್ಲಿ ಅದೇ ಹನಿ 83 ಪಿಪಿಎಂ ಆಗುತ್ತದೆ. ಪ್ಲಾಸ್ಟಿಕ್ ನೀರಿನ ಕ್ಯಾನ್ ಬಳಸಬೇಡಿ, ಎಣ್ಣೆ ಅದರ ಗೋಡೆಗೇ ಹೀರಿಹೋಗುತ್ತದೆ.

ಪಿಐಡಿ ತೋರಿಸುವುದು ಐಸೋಬ್ಯುಟಿಲೀನ್ ಎಂಬ ಮಾಪನ ಅನಿಲದ ಲೆಕ್ಕದಲ್ಲಿ. ಪೈನೀನ್‌ಗೆ ಅದನ್ನು ಸುಮಾರು 0.31ರಿಂದ ಗುಣಿಸಬೇಕು. ಪರದೆಯಲ್ಲಿ 100 ಕಂಡರೆ ನಿಜವಾಗಿ 31 ಪಿಪಿಎಂ, ಹೊತ್ತಿಕೊಳ್ಳುವ ಮಟ್ಟದ ಶೇಕಡಾ ಅರ್ಧವೂ ಇಲ್ಲ. ಪೈನೀನ್‌ನ ಜ್ವಲನಬಿಂದು, ಅಂದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವಷ್ಟಾಗುವ ಕನಿಷ್ಠ ಉಷ್ಣತೆ, ಸುಮಾರು 33 ಡಿಗ್ರಿ. ಹಾಗಾಗಿ 25 ಡಿಗ್ರಿಯಲ್ಲಿ ಮುಚ್ಚಿದ ಡಬ್ಬಿಯಲ್ಲಿ ತುಂಬಿನಿಂತ ಆವಿಯೂ ಹೊತ್ತಿಕೊಳ್ಳುವಷ್ಟಾಗುವುದಿಲ್ಲ. ಕಣಿವೆಯಲ್ಲಿ ಬೆಂಕಿ ಒಮ್ಮೆಲೇ ಭುಗಿಲೇಳಲು ಹೀಗೆ ಶೇಖರವಾದ ಆವಿಯೇ ಕಾರಣ ಎಂಬ ವಾದವಿದೆ, ಇಳಿಜಾರು ಮತ್ತು ಗಾಳಿಯ ಹರಿವೇ ಸಾಕು ಎಂಬ ಪ್ರತಿವಾದವೂ ಇದೆ. ಈ ಪೆಟ್ಟಿಗೆಯನ್ನು ಸ್ಫೋಟದ ಮುನ್ಸೂಚನೆ ಎಂದು ಯಾರಿಗೂ ಕೊಡಬೇಡಿ. ಬೆಂಕಿಯ ಎದುರು ನಿಂತವರ ಜೀವದ ಪ್ರಶ್ನೆ ಅದು.

ತೋಪಿಗೆ ಒಯ್ಯುವ ಮುನ್ನ ಬಿಸಿತಟ್ಟೆಯ ಮೇಲೆ 5 ಗ್ರಾಂ ಹಸಿ ಎಲೆ ಇಟ್ಟು, ಎಲೆಗೆ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಕಟ್ಟಿ ಕಾಯಿಸಿ ನೋಡಿ. ಸಿನಿಯೋಲ್ ಕುದಿಯುವುದು 176 ಡಿಗ್ರಿಗೆ, ಆದರೆ ಎಲೆಯ ನೀರಿನ ಜೊತೆ 100 ಡಿಗ್ರಿಯ ಆಸುಪಾಸಿನಲ್ಲೇ ಹೊರಡುತ್ತದೆ. ಊಟಿಯ ಭಟ್ಟಿಗಳಲ್ಲಿ ಎಣ್ಣೆ ಇಳಿಸುವುದೂ ಇದೇ ತತ್ವದಿಂದ. ತೊಡಕು ಇಲ್ಲೇ ಇದೆ: ಆವಿಯ ಅಲೆ ಬರುವುದೇ ತೇವದ ಅಲೆಯ ಜೊತೆ. ತೇವ ಪಿಐಡಿಯ ಓದನ್ನು ತಗ್ಗಿಸುತ್ತದೆ, ಎಂಕ್ಯೂನದನ್ನು ಏರಿಸುತ್ತದೆ. ಒಣ ಗಾಳಿಯಲ್ಲೂ ತೇವದ ಗಾಳಿಯಲ್ಲೂ ಅದೇ 10 ಮೈಕ್ರೋಲೀಟರ್ ಪ್ರಯೋಗ ಮಾಡಿ ತಿದ್ದುಪಡಿ ಪಟ್ಟಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ.

ಪೈನೀನ್ ಗಾಳಿಗಿಂತ 4.7 ಪಟ್ಟು ಭಾರ, ಆದ್ದರಿಂದ ಸೆನ್ಸರ್ ನೆಲಕ್ಕೆ ತಾಗಿರಲಿ ಎಂದು ಹಲವರು ಹೇಳುತ್ತಾರೆ. 100 ಪಿಪಿಎಂ ಬೆರೆತರೆ ಗಾಳಿಯ ಸಾಂದ್ರತೆ ಏರುವುದು 0.04%. ಅದೇ ಗಾಳಿ 10 ಡಿಗ್ರಿ ಕಾದರೆ ಸಾಂದ್ರತೆ 3% ಇಳಿಯುತ್ತದೆ. ನಾವು ಕಂಬದ ಮೇಲೆ ಒಂದೂವರೆ ಮೀಟರ್ ಎತ್ತರದಲ್ಲಿ, ಬೆಂಕಿ ರೇಖೆ (ಕಾಳ್ಗಿಚ್ಚು ಹರಡದಂತೆ ಮುಂಚೆಯೇ ಸುಡುವ ಪಟ್ಟಿ) ಸುಡುವ ದಿನ ಗಾಳಿ ಬೀಸುವ ದಿಕ್ಕಿನಲ್ಲಿ 10, 20 ಮತ್ತು 40 ಮೀಟರ್‌ಗೆ ಒಂದೊಂದು ಇಡುತ್ತೇವೆ. ಹಿಂದಿನ ಹತ್ತು ನಿಮಿಷಗಳ ಮಧ್ಯಾಂಕಕ್ಕಿಂತ ಪಿಐಡಿ 30 ಸೆಕೆಂಡ್ ಮೇಲೇ ಉಳಿದು, ಕಾರ್ಬನ್ ಮಾನಾಕ್ಸೈಡ್ 5 ಪಿಪಿಎಂನಷ್ಟೂ ಏರದಿದ್ದರೆ ಅದನ್ನು ಸಸ್ಯದ ಆವಿ ಎಂದು ಗುರುತು ಹಾಕುತ್ತೇವೆ. ಎರಡೂ ಒಟ್ಟಿಗೆ ಏರಿದರೆ ಅದು ಹೊಗೆ, ಗುರುತಿಲ್ಲ. 40 ಮೀಟರ್‌ನ ಕಂಬದಲ್ಲಿ ಎರಡೂ ಬೆರೆತೇ ಬರುತ್ತವೆ. ಬೇರ್ಪಡಿಸುವ ಅವಕಾಶ ಇರುವುದು ಹತ್ತಿರದ ಕಂಬಗಳಲ್ಲಿ, ಅದೂ ಕೆಲ ಕ್ಷಣ. ಬಿಸಿಲೇರಿದ ಮಧ್ಯಾಹ್ನ ಬೆಂಕಿಯಿಲ್ಲದೆಯೂ ತೋಪು ಆವಿ ಬಿಡುತ್ತದೆ. ಎಲೆಯ ಉಷ್ಣತೆ 8 ಡಿಗ್ರಿ ಏರಿದರೆ ಅದು ಸುಮಾರು ಎರಡು ಪಟ್ಟಾಗುತ್ತದೆ, ಮಧ್ಯಾಂಕವನ್ನು ಬೆಳಗಿನದಕ್ಕೇ ಕಟ್ಟಿಹಾಕಬಾರದು.

ಪ್ರತಿ ಸುಡುವಿಕೆಯ ನಂತರ ದೀಪದ ಕಿಟಕಿಯ ಮೇಲೆ ಡಾಂಬರಿನಂಥ ಪೊರೆ ಕೂರುತ್ತದೆ. ಮೆಥನಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಟ್ಟು, ಬೆರಳು ತಾಗಿಸದೆ ಹಿಂದಕ್ಕೆ ಕೂರಿಸಿ. ಪಿಟಿಎಫ್‌ಇ ಫಿಲ್ಟರ್ ಕಂದಾಗಿದ್ದರೆ ತೊಳೆಯಲು ಹೋಗಬೇಡಿ, ಹೊಸದು ಹಾಕಿ, ಮತ್ತೆ 10 ಮೈಕ್ರೋಲೀಟರ್ ಪರೀಕ್ಷೆ ಮಾಡಿ.