ಕೈ ನಡುಗಿದರೂ ಪರವಾಗಿಲ್ಲ: ನಲವತ್ತು ದಾಟಿದ ಮೇಲೆ ಏರ್ ಪಿಸ್ತೂಲ್ ಹಿಡಿದ ಅನುಭವ

ನಾನು ಪಿಸ್ತೂಲ್ ಶೂಟಿಂಗ್ ಕಲಿಯುತ್ತಿದ್ದೇನೆ ಅಂದರೆ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ ಮಾತು: "ಅಯ್ಯೋ, ನನ್ನ ಕೈ ನಡುಗುತ್ತೆ, ನನಗೆ ಆಗಲ್ಲಪ್ಪ." ನನ್ನ ಕೈಯೂ ನಡುಗುತ್ತದೆ. ನಮ್ಮ ಕೋಚ್ ಕೈಯೂ ನಡುಗುತ್ತದೆ. ಒಂದು ಕೆಜಿ ತೂಕವನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದರೆ ಯಾರ ಕೈ ತಾನೇ ನಡುಗಲ್ಲ?

ನಾನಾಗಿ ಹುಡುಕಿಕೊಂಡು ಹೋದದ್ದೇನೂ ಅಲ್ಲ. ಬೇಸಿಗೆ ರಜೆಯಲ್ಲಿ ಮಗನನ್ನು ಬೆಂಗಳೂರಿನ ಒಂದು ಪುಟ್ಟ ರೇಂಜಿಗೆ ಸೇರಿಸಿದ್ದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ಅವನಿಗೆ ಹುಚ್ಚು ಹಿಡಿದಿತ್ತು. ಆ ಹುಚ್ಚು ಬೇಗನೆ ಇಳಿಯಿತು, ಅವನು ಮತ್ತೆ ಕ್ರಿಕೆಟ್ಟಿಗೆ ಹೋದ. ಫೀಸ್ ವಾಪಸ್ ಕೇಳಲು ಹೋದರೆ ಕೋಚ್, "ಹೇಗೂ ಕಟ್ಟಿದ್ದೀರಲ್ಲ ಮೇಡಂ, ಉಳಿದ ಕ್ಲಾಸಿಗೆ ನೀವೇ ನಿಂತುಕೊಳ್ಳಿ" ಅಂದರು. ದುಡ್ಡು ದಂಡ ಆಗೋದು ಬೇಡ ಅಂತ ನಿಂತೆ.

ಮೊದಲ ಕ್ಲಾಸಿನಲ್ಲಿ ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಪುಟ್ಟ ಗುಂಡು, ಮುಟ್ಟಲೂ ಬಿಡಲಿಲ್ಲ. ನಳಿಕೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು. ಹೊಡೆಯುವ ಹೊತ್ತು ಬಿಟ್ಟರೆ ಬೆರಳು ಟ್ರಿಗರ್ ಮೇಲೆ ಇರಬಾರದು. ಪಿಸ್ತೂಲನ್ನು ಮೇಜಿನ ಮೇಲಿಟ್ಟಾಗ ನಳಿಕೆಯೊಳಗೆ ಕಿತ್ತಳೆ ಬಣ್ಣದ ದಾರ ಹಾಕಿರಬೇಕು, ಒಳಗೆ ಏನೂ ಇಲ್ಲ ಅಂತ ದೂರದಿಂದಲೇ ಕಾಣಬೇಕು. "ಸ್ಟಾಪ್" ಅಂದರೆ ಸ್ಟಾಪ್, ಇನ್ನೊಂದು ಹೊಡೆದುಬಿಡ್ತೀನಿ ಅನ್ನುವ ಹಾಗಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ನಲ್ಲಿ, ಸೋಪು. ಪೆಲೆಟ್ ಅಂದರೆ ಸೀಸ, ಕೈ ತೊಳೆಯದೆ ತಿಂಡಿ ಡಬ್ಬಿ ಮುಟ್ಟಬಾರದು. ಇದನ್ನೆಲ್ಲ ಹೇಳಿಕೊಡದೆ ಬಂದ ದಿನವೇ ಕೈಗೆ ಗನ್ ಕೊಟ್ಟು "ಹೊಡೀರಿ" ಅನ್ನುವ ಜಾಗವಾದರೆ ಬೇರೆ ಕಡೆ ನೋಡಿಕೊಳ್ಳುವುದು ಒಳ್ಳೆಯದು.

ಆಮೇಲೆ ಕಣ್ಣಿನ ಪರೀಕ್ಷೆ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ಗೋಡೆಯ ಗಡಿಯಾರ ನೋಡಬೇಕು. ಒಂದೊಂದೇ ಕಣ್ಣು ಮುಚ್ಚಿದರೆ ಒಂದು ಕಣ್ಣಿಗೆ ಗಡಿಯಾರ ಅಲ್ಲೇ ಇರುತ್ತದೆ, ಇನ್ನೊಂದಕ್ಕೆ ಮಾಯ. ಅಲ್ಲೇ ಇದ್ದದ್ದು ನಿಮ್ಮ ಮುಖ್ಯ ಕಣ್ಣು. ನನ್ನದು ಬಲಗಣ್ಣು, ಬಲಗೈ, ಹಾಗಾಗಿ ತಾಪತ್ರಯ ಇಲ್ಲ. ಎಡಗಣ್ಣಿಗೆ ಒಂದು ಮಸುಕು ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಕಣ್ಣು ಮುಚ್ಚುವುದು ಬೇಡ, ಮುಚ್ಚಿದರೆ ಮುಖವೆಲ್ಲ ಬಿಗಿಯಾಗುತ್ತದೆ.

ಇನ್ನು ಗುರಿಯ ವಿಷಯ. ಟಾರ್ಗೆಟ್ ಇರುವುದು 10 ಮೀಟರ್ ದೂರದಲ್ಲಿ. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಅದನ್ನೇ ದಿಟ್ಟಿಸಿ ನೋಡಬೇಕು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಕೋಚ್ ಹೇಳಿದ್ದು ಉಲ್ಟಾ. "ಟಾರ್ಗೆಟ್ ನೋಡಬೇಡಿ ಮೇಡಂ, ಫ್ರಂಟ್ ಸೈಟ್ ನೋಡಿ. ಟಾರ್ಗೆಟ್ ಮಬ್ಬಾಗೇ ಇರಲಿ."

ಪಿಸ್ತೂಲಿನ ಹಿಂದುಗಡೆ ಒಂದು ಚೌಕದ ಸೀಳು ಇರುತ್ತದೆ, ಅದು ರಿಯರ್ ಸೈಟ್. ನಳಿಕೆಯ ತುದಿಯಲ್ಲಿ ಒಂದು ಕಪ್ಪು ಗೂಟ, ಅದು ಫ್ರಂಟ್ ಸೈಟ್. ಗೂಟ ಸೀಳಿನ ನಟ್ಟನಡುವೆ ನಿಲ್ಲಬೇಕು, ಎರಡೂ ಬದಿಯ ಬೆಳಕು ಸಮ ಇರಬೇಕು, ಮೇಲಿನ ಅಂಚು ಒಂದೇ ಗೆರೆಯಲ್ಲಿ ಇರಬೇಕು. ಈ ಎರಡರ ನಡುವಿನ ಅಂತರ ಸುಮಾರು 36 ಸೆಂಟಿಮೀಟರ್ ಅಂದುಕೊಳ್ಳಿ. ಗೂಟ ಸೀಳಿನೊಳಗೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಜರುಗಿದರೆ 10 ಮೀಟರ್ ದೂರದಲ್ಲಿ ಅದು ಸುಮಾರು 28 ಮಿಲಿಮೀಟರ್ ಆಗುತ್ತದೆ. ಹತ್ತು ಬೀಳಬೇಕಾದ್ದು ಏಳಕ್ಕೆ ಬೀಳುತ್ತದೆ. ಅದೇ ಎರಡೂ ಸೈಟ್ ಸಮವಾಗಿದ್ದು ಇಡೀ ಕೈ ಐದು ಮಿಲಿಮೀಟರ್ ಆಚೀಚೆ ಓಲಾಡಿದರೆ ಪೆಲೆಟ್ ಕೂಡ ಅಷ್ಟೇ, ಐದು ಮಿಲಿಮೀಟರ್ ಆಚೀಚೆ. ಹತ್ತೇ ಸಿಗುತ್ತದೆ! ಈ ಲೆಕ್ಕವನ್ನು ಕೋಚ್ ಹಳೇ ಟಾರ್ಗೆಟ್ ಕಾರ್ಡಿನ ಹಿಂದೆ ಬರೆದು ತೋರಿಸಿದಾಗ ನನ್ನ ಭಯ ಅರ್ಧ ಇಳಿಯಿತು. ಕೈಯ ನಡುಕ ಕೆಡಿಸುವುದು ಸ್ವಲ್ಪ, ಮಣಿಕಟ್ಟು ತಿರುಗಿ ಗೂಟ ಜರುಗುವುದು ಕೆಡಿಸುವುದು ಪೂರಾ. ಅದಕ್ಕೇ ಆರಂಭದಲ್ಲಿ ವೃತ್ತವೇ ಇಲ್ಲದ ಖಾಲಿ ಬಿಳಿ ಕಾಗದಕ್ಕೆ ಹೊಡೆಸುತ್ತಾರೆ. ನೋಡಲು ಬೇರೇನೂ ಇಲ್ಲದಿದ್ದರೆ ಕಣ್ಣು ಸೈಟ್ ಮೇಲೇ ನಿಲ್ಲುತ್ತದೆ.

ಚಾಳೀಸು ಬಂದವರಿಗೆ ಇಲ್ಲೊಂದು ತೊಡಕು. ಫ್ರಂಟ್ ಸೈಟ್ ಕಣ್ಣಿಗೆ ಒಂದು ಮೀಟರಿಗಿಂತ ಕೊಂಚ ಒಳಗಿರುತ್ತದೆ. ಓದುವ ಕನ್ನಡಕಕ್ಕೆ ಅದು ದೂರ, ದೂರದ ಕನ್ನಡಕಕ್ಕೆ ಹತ್ತಿರ. ನಾನು ಕನ್ನಡಕದ ಅಂಗಡಿಯವರಿಗೆ ಅಳತೆ ಹೇಳಿ ಆ ದೂರಕ್ಕೇ ಒಂದು ಗಾಜು ಮಾಡಿಸಿಕೊಂಡೆ. ಕಪ್ಪು ಗೂಟದ ಅಂಚು ಅಷ್ಟು ಚೊಕ್ಕವಾಗಿ ಕಂಡದ್ದು ಅವತ್ತೇ.

ನಿಲ್ಲುವುದರಲ್ಲೂ ಒಂದು ಉಪಾಯ ಇದೆ. ಕಾಲು ಭುಜದಗಲ ಇಟ್ಟು, ಎಡಗೈ ಜೇಬಿಗೆ ಹಾಕಿ, ಕಣ್ಣು ಮುಚ್ಚಿಕೊಂಡು ಪಿಸ್ತೂಲ್ ಎತ್ತಬೇಕು. ಕಣ್ಣು ಬಿಟ್ಟಾಗ ಅದು ಪಕ್ಕದ ಲೇನಿನ ಕಡೆ ವಾಲಿದ್ದರೆ ಕೈಯಿಂದ ಎಳೆದು ಸರಿ ಮಾಡಬಾರದು, ಹಿಂದಿನ ಪಾದ ಜರುಗಿಸಬೇಕು. ಕೈಯಿಂದ ಎಳೆದು ಹಿಡಿದರೆ ಟ್ರಿಗರ್ ಬಿಡುವ ಹೊತ್ತಿಗೆ ಅದು ತನ್ನ ಜಾಗಕ್ಕೇ ವಾಪಸ್ ಹೋಗುತ್ತದೆ.

ಟ್ರಿಗರ್ ಮಾತ್ರ ಇವತ್ತಿಗೂ ನನ್ನ ತಲೆನೋವು. ನಿಯಮದ ಪ್ರಕಾರ ಅದಕ್ಕೆ ಕನಿಷ್ಠ 500 ಗ್ರಾಂ ಒತ್ತಡ ಬೇಕು. ಅದನ್ನು ನಿಧಾನಕ್ಕೆ ಏರಿಸುತ್ತಾ ಹೋಗಬೇಕು, ಯಾವಾಗ ಬಿಟ್ಟುಕೊಂಡಿತು ಅಂತ ನಮಗೇ ಗೊತ್ತಾಗಬಾರದು. ಸೈಟ್ ಚೆನ್ನಾಗಿ ಕೂತಿದೆ, ಈಗಲೇ ಅಂತ ಒತ್ತಿದಿರೋ, ಪೆಲೆಟ್ ಕೆಳಗೆ ಎಡಕ್ಕೆ, ಗಡಿಯಾರದ ಏಳು ಗಂಟೆ ಕಡೆಗೆ. ಬಲಗೈಯವರ ಕಾರ್ಡಿನಲ್ಲಿ ಏಳು ಗಂಟೆಗೆ ತೂತುಗಳ ಗುಂಪು ಕಂಡರೆ ಕೋಚ್ ಏನೂ ಕೇಳುವುದಿಲ್ಲ, ಸುಮ್ನೆ ತೋರುಬೆರಳು ಮಡಚಿ ತೋರಿಸುತ್ತಾರೆ. ಇದಕ್ಕೆ ಮದ್ದು ಡ್ರೈ ಫೈರ್: ಪೆಲೆಟ್ ಇಲ್ಲದೆ ಎತ್ತುವುದು, ಸೈಟ್ ಕೂರಿಸುವುದು, ಟ್ರಿಗರ್ ಒತ್ತುವುದು, ಒತ್ತಿದ ಮೇಲೂ ಒಂದೆರಡು ಸೆಕೆಂಡ್ ಹಾಗೇ ನಿಲ್ಲುವುದು. ಟಕ್ ಅಂದಾಗ ಗೂಟ ಅಲುಗಾಡಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಗಾಳಿ ತುಂಬಿದ ಸಿಲಿಂಡರಿನಿಂದ ಹೊಡೆಯುವ ಮ್ಯಾಚ್ (ಸ್ಪರ್ಧೆಯ) ಪಿಸ್ತೂಲುಗಳಲ್ಲಿ ಇದಕ್ಕೇ ಬೇರೆ ವ್ಯವಸ್ಥೆ ಇದೆ. ನಳಿಕೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಗನ್ನಿನಲ್ಲಿ ಹೀಗೆ ಖಾಲಿ ಹೊಡೆಯಬಾರದು, ಒಳಗಿನ ಪಿಸ್ಟನ್, ಸೀಲು ಹಾಳಾಗುತ್ತವೆ.

ಮನೆಯಲ್ಲಿ ಪಿಸ್ತೂಲ್ ಇರಲಿಲ್ಲವಲ್ಲ, ಒಂದು ಲೀಟರ್ ನೀರಿನ ಬಾಟ್ಲಿ ಹಿಡಿದು ಅಡುಗೆಮನೆ ಗೋಡೆಯ ಎದುರು ನಿಲ್ಲುತ್ತಿದ್ದೆ. ಕುಕ್ಕರ್ ಕೂಗುವವರೆಗೆ ಎತ್ತುವುದು, ಇಳಿಸುವುದು. "ಅಮ್ಮ, ಗೋಡೆ ಏನು ತಪ್ಪು ಮಾಡ್ತು?" ಅಂತ ಮಗ ಗೇಲಿ ಮಾಡುತ್ತಿದ್ದ. ಮಾಡಲಿ ಬಿಡಿ, ಭುಜಕ್ಕೆ ಬಲ ಬಂದದ್ದು ಅದರಿಂದಲೇ.

ಮ್ಯಾಚಿನಲ್ಲಿ 60 ಶಾಟ್. ಮೊದಲು ಹೆಂಗಸರಿಗೆ 40 ಇತ್ತು, 2018ರಿಂದ ಎಲ್ಲರಿಗೂ ಒಂದೇ. ಪೇಪರ್ ಟಾರ್ಗೆಟ್ ಆದರೆ ಒಂದೂವರೆ ಗಂಟೆ, ಎಲೆಕ್ಟ್ರಾನಿಕ್ ಆದರೆ ಒಂದೂಕಾಲು. ಅಂದರೆ ಒಂದು ಶಾಟ್‌ಗೆ ನಿಮಿಷಕ್ಕಿಂತ ಜಾಸ್ತಿ ಸಮಯ. ಅಷ್ಟು ಹೊತ್ತು ಕೊಟ್ಟಿರುವುದರಿಂದ ಎತ್ತಿದ್ದನ್ನೆಲ್ಲ ಹೊಡೆಯಲೇಬೇಕು ಅಂತಿಲ್ಲ. ಎತ್ತಿ ಎಂಟು ಹತ್ತು ಸೆಕೆಂಡಿನಲ್ಲಿ ಟ್ರಿಗರ್ ಬಿಡಲಿಲ್ಲವೋ, ಪಿಸ್ತೂಲ್ ಇಳಿಸಿ ಉಸಿರು ಬಿಟ್ಟು ಮತ್ತೆ ಶುರು. ಕೇಳಲು ಸುಲಭ. ಕ್ಲಬ್ಬಿನೊಳಗಿನ ಮೊದಲ ಮ್ಯಾಚಿನಲ್ಲಿ ಪಕ್ಕದ ಲೇನಿನ ಹುಡುಗಿ ಟಪ್ ಟಪ್ ಅಂತ ಹೊಡೆಯುತ್ತಿರುವಾಗ ನಾನು ಮೂರನೇ ಸಲ ಕೈ ಇಳಿಸಿ ನಿಂತಿದ್ದೆ, ಮೈಯೆಲ್ಲ ಬೆವರು. 600ಕ್ಕೆ ನನ್ನ ಸ್ಕೋರು ಐನೂರು ಮುಟ್ಟಲಿಲ್ಲ. ಆದರೆ ಕೊನೆಯ ಕಾರ್ಡುಗಳು ಮೊದಲಿನವಕ್ಕಿಂತ ಚೆನ್ನಾಗಿದ್ದವು, ನನಗೆ ಅಷ್ಟು ಸಾಕಾಗಿತ್ತು. ವಯಸ್ಸಾಯ್ತು ಅನ್ನುವವರಿಗೆ ಒಂದು ಮಾತು: ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದಾಗ ಮೂವತ್ತೈದು ದಾಟಿದ್ದರು.

ಬಿಪಿ ಮಾತ್ರೆ ತೆಗೆದುಕೊಳ್ಳುವವರು ಒಂದು ವಿಷಯ ತಿಳಿದಿರಲಿ. ಬೀಟಾ ಬ್ಲಾಕರ್ ಅನ್ನುವ ಜಾತಿಯ ಮಾತ್ರೆಗಳು ಎದೆಬಡಿತ ತಗ್ಗಿಸುತ್ತವೆ, ಹಾಗಾಗಿ ಶೂಟಿಂಗ್‌ನಲ್ಲಿ ಅವು ನಿಷಿದ್ಧ. ಸುಮ್ನೆ ಖುಷಿಗೆ ಹೊಡೆಯುವವರು ತಲೆಕೆಡಿಸಿಕೊಳ್ಳಬೇಕಿಲ್ಲ. ದೊಡ್ಡ ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಎಲ್ಲರೂ ಕೊನೆಗೆ ಕೇಳುವುದು ಗನ್ ಯಾವುದು ತಗೊಳ್ಳಲಿ ಅಂತ. ಸದ್ಯಕ್ಕೆ ಯಾವುದೂ ಬೇಡ ಅನ್ನುತ್ತೇನೆ. ಕ್ಲಬ್ಬಿನ ಪಿಸ್ತೂಲೇ ಸಾಕು. ನಿಮ್ಮ ಅಂಗೈಗೆ ಯಾವ ಅಳತೆಯ ಮರದ ಹಿಡಿ ಬೇಕು ಅನ್ನುವುದು ತಿಂಗಳುಗಟ್ಟಲೆ ಹೊಡೆದ ಮೇಲೇ ಗೊತ್ತಾಗುವುದು. ಹೊರದೇಶದ ಮ್ಯಾಚ್ ಪಿಸ್ತೂಲು ಲಕ್ಷ ದಾಟುತ್ತದೆ. ಒಳವ್ಯಾಸ 4.5 ಮಿಲಿಮೀಟರ್ ಮತ್ತು ಶಕ್ತಿ 20 ಜೌಲ್ ಮೀರದ ಏರ್ ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಹಾಗಂತ ಟೆರೇಸಿನಲ್ಲಿ ನಿಂತು ಪಾರಿವಾಳಕ್ಕೆ ಹೊಡೆಯುವ ಸಾಮಾನಲ್ಲ ಅದು. ಕೊಂಡರೂ ಬೀಗದ ಪೆಟ್ಟಿಗೆಯಲ್ಲೇ ಇರಬೇಕು. ನಾನು ಒಂದು ವರ್ಷ ಕಳೆದ ಮೇಲೆ ಕ್ಲಬ್ಬಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡೆ. ಹಾಗೆ ತಗೊಳ್ಳುವಾಗ ಮೊದಲು ನೋಡಬೇಕಾದ್ದು ಗಾಳಿ ಸಿಲಿಂಡರಿನ ಮೇಲೆ ಕೆತ್ತಿರುವ ತಾರೀಕು. ತಯಾರಾಗಿ ಹತ್ತು ವರ್ಷ ಆದ ಸಿಲಿಂಡರ್ ಬಳಸುವಂತಿಲ್ಲ, ಹೊಸದಕ್ಕೆ ಬೇರೆ ದುಡ್ಡು ಇಡಬೇಕು. ಮಾರುವವರು ಪಿಸ್ತೂಲಿನ ಅಂದಚಂದ ತೋರಿಸುತ್ತಾರೆ, ನೀವು ಸಿಲಿಂಡರ್ ಬಿಚ್ಚಿಸಿ ತಾರೀಕು ಓದಿಕೊಂಡು ಆಮೇಲೆ ರೇಟು ಮಾತಾಡಿ.