ಆನ್‌ಲೈನ್ ಅಂಗಡಿಗಿಂತ ಮೊದಲು ಕೂಲಿಯ ಲೆಕ್ಕ

ಕರಕುಶಲ ಘಟಕ ಡಿಜಿಟಲ್ ಆಗಬೇಕೆಂದ ಕೂಡಲೇ ಎಲ್ಲರೂ ವೆಬ್‌ಸೈಟ್ ಮಾಡಿಸಲು ಓಡುತ್ತಾರೆ. ಶುರು ಮಾಡಬೇಕಾದದ್ದು ಕೂಲಿ ಪುಸ್ತಕದಿಂದ. ಒಂದು ಪೀಸಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಯದೆ ಆನ್‌ಲೈನ್ ಬೆಲೆ ಹಾಕಿದರೆ, ರಿಯಾಯಿತಿ, ಕಮಿಷನ್, ಕೊರಿಯರ್ ಎಲ್ಲದರ ಹೊರೆಯೂ ಕೊನೆಗೆ ಬೀಳುವುದು ಕುಶಲಕರ್ಮಿಯ ಕೂಲಿಯ ಮೇಲೆ.

ಮೊದಲು ಸಮಯ ಅಳೆಯಿರಿ. ಒಂದೇ ಮಾದರಿಯನ್ನು ಮೂವರು ತಲಾ ಐದು ಪೀಸ್ ಮಾಡಲಿ. ಎಲ್ಲರಿಗಿಂತ ಚುರುಕಾದವರ ವೇಗವನ್ನೇ ಅಳತೆಗೋಲು ಮಾಡಿಕೊಂಡರೆ ಉಳಿದವರಿಗೆ ದಿನದ ಕೂಲಿ ಗಿಟ್ಟುವುದಿಲ್ಲ. ಫೋನಿನ ಸ್ಟಾಪ್‌ವಾಚ್ ಸಾಕು. ಉಳಿ ಮಸೆಯುವುದು, ನೂಲಿನ ಸಿಕ್ಕು ಬಿಡಿಸುವುದು, ಕೊನೆಗೆ ಉಜ್ಜಿ ಒರೆಸುವುದು ಕೂಡ ಲೆಕ್ಕಕ್ಕೆ ಬರಲಿ. ಸರಾಸರಿ 90 ನಿಮಿಷ ಬಂತೆನ್ನಿ. ಬೆನ್ನು ನೆಟ್ಟಗೆ ಮಾಡಿಕೊಳ್ಳಲು, ನೀರು ಕುಡಿಯಲು ಶೇ 10 ಸೇರಿಸಿದರೆ 99 ನಿಮಿಷ. ಅಂದರೆ ಒಂದು ಪೀಸಿಗೆ ಕೊಡುವ ಕೂಲಿ ದರ ಗಂಟೆಯ ಕೂಲಿಯ 1.65 ಪಟ್ಟು. ಆ ಗಂಟೆಯ ಕೂಲಿ ಕಾನೂನಿನ ಕನಿಷ್ಠ ವೇತನಕ್ಕಿಂತ ಕೆಳಗಿಳಿಯಕೂಡದು.

ಈಗ ಸ್ಪ್ರೆಡ್‌ಶೀಟ್. ದಿನಾಂಕ, ಹೆಸರು, ಮಾದರಿ ಸಂಖ್ಯೆ, ಕೊಟ್ಟ ಕಚ್ಚಾಮಾಲು, ಬಂದ ಪೀಸು, ವಾಪಸಾದದ್ದು, ಕಾರಣ, ದರ, ಮುಂಗಡ, ಬಾಕಿ: ಇಷ್ಟು ಕಾಲಮ್ ಸಾಕು. ಎಡವುವುದು ಎರಡು ಕಡೆ. ದರವನ್ನು ಬೇರೆ ಹಾಳೆಯಿಂದ ಸೂತ್ರ ಹಾಕಿ ತಂದರೆ, ಮುಂದೆ ದರ ಬದಲಿಸಿದ ದಿನ ಹಳೆಯ ಸಾಲುಗಳ ಲೆಕ್ಕವೂ ತಾನಾಗಿ ಬದಲಾಗಿಬಿಡುತ್ತದೆ. ಅದಕ್ಕೆ ದರವನ್ನು ಆಯಾ ಸಾಲಿನಲ್ಲೇ ಅಂಕಿಯಾಗಿ ಬರೆಯಿರಿ. ಇನ್ನೊಂದು, ‘ಕಾರಣ’ದ ಕಾಲಮ್. ಮನಸ್ಸಿಗೆ ಬಂದಂತೆ ಬರೆದರೆ ಆಮೇಲೆ ಎಣಿಸಲಾಗದು. ಕಚ್ಚಾಮಾಲಿನ ದೋಷ, ಅಳತೆ ತಪ್ಪು, ಕೈಕೆಲಸದ ತಪ್ಪು, ಸಾಗಣೆಯ ಹಾನಿ ಎಂದು ಒತ್ತಿ ಆರಿಸಿಕೊಳ್ಳುವ ಡ್ರಾಪ್‌ಡೌನ್ ಪಟ್ಟಿ ಇಡಿ. ಮರ ಸೀಳಿದ್ದಕ್ಕೆ, ನೂಲು ಬಣ್ಣ ಬಿಟ್ಟಿದ್ದಕ್ಕೆ ಕೂಲಿ ಹಿಡಿಯುವುದು ಅನ್ಯಾಯ. ಈ ಕಾಲಮ್ ಇದ್ದರೆ ತಪ್ಪು ಯಾರದೆಂದು ಕಣ್ಣಿಗೇ ಕಾಣುತ್ತದೆ.

ಲೆಕ್ಕ ಮಾಲೀಕರ ಫೋನಿನಲ್ಲಷ್ಟೇ ಇದ್ದರೆ ಅದು ಪಾರದರ್ಶಕವಲ್ಲ. ವಾರಕ್ಕೊಮ್ಮೆ ಪ್ರತಿಯೊಬ್ಬರಿಗೂ ಅವರವರ ಸಾಲುಗಳನ್ನು ಮಾತ್ರ ಕಳಿಸಿ. ಓದಲು ಬಾರದವರಿಗೆ ಧ್ವನಿ ಸಂದೇಶ. ಮೊದಲ ಎರಡು ತಿಂಗಳು ಕಾಗದದ ಪುಸ್ತಕವೂ ಜೊತೆಗಿರಲಿ, ಎರಡರ ಬಾಕಿ ತಾಳೆಯಾಗಬೇಕು. ಹಣ ಹೋಗಬೇಕಾದದ್ದು ಕೆಲಸ ಮಾಡಿದವರ ಸ್ವಂತ ಖಾತೆಗೆ. ಮನೆಯ ಗಂಡಸಿನ ಖಾತೆಗೆ ಹಾಕಿದರೆ ಹೆಂಗಸಿನ ದುಡಿಮೆ ದಾಖಲೆಯಿಂದಲೇ ಮಾಯವಾಗುತ್ತದೆ.

ಇಷ್ಟಾದ ಮೇಲೆ, ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಮಾಲಿನ ವೆಬ್ ಪುಟ ತೆರೆಯುವ ಕ್ಯೂಆರ್ ಟ್ಯಾಗ್. ಬದಿ 2 ಸೆಂಟಿಮೀಟರಿಗಿಂತ ಚಿಕ್ಕದಾಗದಿರಲಿ, ಸುತ್ತಲೂ ಕೋಡಿನೊಳಗಿನ ನಾಲ್ಕು ಪುಟ್ಟ ಚೌಕದಷ್ಟು ಅಗಲದ ಖಾಲಿ ಅಂಚು ಬಿಡಿ, ತಿಳಿ ಹಿನ್ನೆಲೆಯ ಮೇಲೆ ಗಾಢ ಬಣ್ಣದಲ್ಲಿ ಮುದ್ರಿಸಿ. ಹೊಳೆಯುವ ಕಾಗದ ಬೇಡ, ಬೆಳಕು ಪ್ರತಿಫಲಿಸಿ ಸ್ಕ್ಯಾನ್ ಆಗದೇ ಹೋಗಬಹುದು. ಟ್ಯಾಗ್ ಮಡಚಿ, ಉಜ್ಜಿ ಹೋಗುವಂಥದ್ದಾದರೆ ಕೋಡು ತಯಾರಿಸುವಾಗ ದೋಷ ತಿದ್ದುವ ಮಟ್ಟ ‘ಎಚ್’ ಆರಿಸಿ. ಸುಮಾರು ಶೇ 30ರಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ. ಉಚಿತ ಸೇವೆಗಳು ಕೊಡುವ ‘ಡೈನಾಮಿಕ್’ ಕೋಡು, ಅಂದರೆ ಆ ಸೇವೆಯ ವಿಳಾಸದ ಮೂಲಕ ನಿಮ್ಮ ಪುಟಕ್ಕೆ ಕಳಿಸುವಂಥದ್ದು, ಅವಧಿ ಮುಗಿದರೆ ಸತ್ತುಹೋಗುತ್ತದೆ, ಮಾರಿದ ಮಾಲಿನ ಮೇಲಿನ ಟ್ಯಾಗೆಲ್ಲ ವ್ಯರ್ಥ. ಕೋಡನ್ನು ನಿಮ್ಮದೇ ಡೊಮೇನಿನ, ಅಂದರೆ ನಿಮ್ಮ ಹೆಸರಿನಲ್ಲಿರುವ ವೆಬ್ ವಿಳಾಸದ ಪುಟಕ್ಕೆ ನೇರವಾಗಿ ಜೋಡಿಸಿ.

ಆ ಪುಟದಲ್ಲಿ ಕುಶಲಕರ್ಮಿಯ ಫೋಟೊ ಹಾಕುವ ಮುನ್ನ ಅದು ಎಲ್ಲಿ, ಎಷ್ಟು ದಿನ ಕಾಣುತ್ತದೆಂದು ಅವರ ಭಾಷೆಯಲ್ಲೇ ಹೇಳಿ ಒಪ್ಪಿಗೆ ಕೇಳಿ. ಬೇಡವೆಂದವರಿಗೆ ಕೆಲಸ ಕಡಿಮೆಯಾಗಬಾರದು. ಅವರ ಕೈಗಳ ಚಿತ್ರ ಸಾಕಾಗುತ್ತದೆ. ಮನೆಯಲ್ಲೇ ಕೆಲಸ ಮಾಡುವವರ ಫೋಟೊ ಆದರೆ ಫೈಲಿನೊಳಗಿನ ಸ್ಥಳದ ಮಾಹಿತಿಯನ್ನು ಅಳಿಸಿಯೇ ಅಪ್‌ಲೋಡ್ ಮಾಡಿ.