ರಿಪೇರಿ ಟೇಬಲ್ಲಿಗೆ ಆಂಟಿ-ಸ್ಟ್ಯಾಟಿಕ್ ಕೋಟಿಂಗ್: ಡಬ್ಬ ತೆರೆಯುವ ಮೊದಲು ಅರ್ತಿಂಗ್ ನೋಡಿ

ಫೆಬ್ರವರಿ, ಮಾರ್ಚ್ ಹೊತ್ತಿಗೆ ಬೆಂಗಳೂರಿನ ಗಾಳಿ ಒಣಗುತ್ತದೆ. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಚಿಲಕ ಮುಟ್ಟಿದರೆ ಬೆರಳಿಗೆ ಚುರ್ ಎನ್ನುತ್ತದೆ. ಹಾಗೆ ಅನ್ನಿಸಬೇಕಾದರೆ ಮೈಯಲ್ಲಿ ಸುಮಾರು 3,000 ವೋಲ್ಟ್ ಸೇರಿರಬೇಕು. ಸರ್ಕ್ಯೂಟ್ ಬೋರ್ಡಿನ ಸೂಕ್ಷ್ಮವಾದ ಐಸಿ (ಚಿಪ್) ಸಾಯಲು 100 ವೋಲ್ಟೂ ಬೇಡ. ಹಾಗಾಗಿ ಬೋರ್ಡ್ ಕೆಟ್ಟದ್ದು ಕೈಗೆ ತಿಳಿಯುವುದೇ ಇಲ್ಲ.

ಹೀಗೆ ಸ್ಟ್ಯಾಟಿಕ್ ಚಾರ್ಜ್ ಒಮ್ಮೆಲೇ ಹಾರುವುದಕ್ಕೆ ಇಎಸ್‌ಡಿ ಎನ್ನುತ್ತಾರೆ. ಇಎಸ್‌ಡಿ ಕೋಟಿಂಗ್, ಅಂದರೆ ಆಂಟಿ-ಸ್ಟ್ಯಾಟಿಕ್ ಕೋಟಿಂಗ್, ಈ ಚಾರ್ಜನ್ನು ತಡೆದು ನಿಲ್ಲಿಸುವುದಿಲ್ಲ, ನಿಧಾನವಾಗಿ ನೆಲಕ್ಕೆ ಇಳಿಸುತ್ತದೆ. ಅದರ ರೆಸಿಸ್ಟೆನ್ಸ್ 1 ಮೆಗಾ ಓಮ್‌ನಿಂದ 1,000 ಮೆಗಾ ಓಮ್ ಒಳಗಿರಬೇಕು. ತೀರಾ ಕಡಿಮೆಯಾದರೆ ಚಾರ್ಜ್ ಒಮ್ಮೆಲೇ ಹಾರಿ ಐಸಿ ಸುಡುತ್ತದೆ, ಹೆಚ್ಚಾದರೆ ಇಳಿಯುವುದೇ ಇಲ್ಲ. ಇಳಿಯಲು ದಾರಿ ಬೇಕಲ್ಲ? ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿನ ಮೂರನೇ ತೂತಿನ ಹಿಂದೆ ವೈರೇ ಇರುವುದಿಲ್ಲ. ಮೊದಲು ಎಲೆಕ್ಟ್ರಿಷಿಯನ್ನರಿಂದ ಅರ್ತಿಂಗ್ ಪರೀಕ್ಷೆ ಮಾಡಿಸಿ. ನ್ಯೂಟ್ರಲ್‌ಗೆ ಜೋಡಿಸುವ ಜುಗಾಡ್ ಬೇಡವೇ ಬೇಡ.

4 ಅಡಿ × 2½ ಅಡಿಯ ಲ್ಯಾಮಿನೇಟ್ ಟೇಬಲ್ ಎಂದುಕೊಳ್ಳಿ. 120 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ. ಎಣ್ಣೆ, ವ್ಯಾಕ್ಸ್ ಉಳಿದರೆ ಕೋಟಿಂಗ್ ಸಿಪ್ಪೆಯಂತೆ ಎದ್ದು ಬರುತ್ತದೆ. ಅಂಟೂ ಕರೆಂಟ್ ಹಾಯಿಸುವಂಥ ತಾಮ್ರದ ಟೇಪನ್ನು ಉದ್ದಕ್ಕೆ ಒಂದು ಸಾಲು ಅಂಟಿಸಿ, ತುದಿಯನ್ನು ಅಂಚಿನಿಂದ ಕೆಳಗೆ ಮಡಚಿ ರಿಂಗ್ ಲಗ್ (ವೈರ್ ಜೋಡಿಸುವ ಲೋಹದ ಬಳೆ) ಸಮೇತ ಸ್ಕ್ರೂ ಹಾಕಿ.

ಟೇಪ್ ಮುಚ್ಚುವಂತೆ ಕಪ್ಪು ಕಂಡಕ್ಟಿವ್ ಪ್ರೈಮರ್ ಬಳಿಯಿರಿ. ಅದು ಒಣಗಿದ ಮೇಲೆ ಹಾರ್ಡನರ್ ಬೆರೆಸಿ ಬಳಿಯುವ ಇಎಸ್‌ಡಿ ಎಪಾಕ್ಸಿ. ಹಸಿ ಪದರ 0.2 ಮಿ.ಮೀ. ದಪ್ಪವಿರಬೇಕಾದರೆ ಈ ಅಳತೆಗೆ ಸುಮಾರು 200 ಮಿ.ಲೀ. ಸಾಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ: ಕರೆಂಟ್ ಹಾಯಿಸುವ ಪುಡಿ ಡಬ್ಬದ ತಳದಲ್ಲಿ ಕೂತಿರುತ್ತದೆ. ಕೋಲು ತಳ ಮುಟ್ಟುವಂತೆ ಚೆನ್ನಾಗಿ ಕಲಕದಿದ್ದರೆ ನೀವು ಬಳಿದದ್ದು ಬರೀ ಬಣ್ಣ. ಹಾರ್ಡನರನ್ನು ಕಣ್ಣಂದಾಜಿನಲ್ಲಿ ಸುರಿಯದೆ ಡಬ್ಬದ ಮೇಲಿನ ಅನುಪಾತದಂತೆ ತೂಗಿ ಹಾಕಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಡಬ್ಬದಲ್ಲಿ ಹೇಳಿದ ಅವಧಿ ಮುಗಿಯುವ ತನಕ ಟೇಬಲ್ ಬಳಸಬೇಡಿ.

ಲಗ್‌ನಿಂದ ಅರ್ತಿಂಗ್‌ಗೆ ಹೋಗುವ ವೈರಿನಲ್ಲಿ 1 ಮೆಗಾ ಓಮ್ ರೆಸಿಸ್ಟರ್ ಸೇರಿಸಿ. ಅಕಸ್ಮಾತ್ 230 ವೋಲ್ಟ್ ತಗುಲಿದರೂ ಇದರ ಮೂಲಕ ಹರಿಯುವುದು 0.23 ಮಿಲಿ ಆಂಪಿಯರ್ ಅಷ್ಟೇ. ಕೆಲಸ ಮಾಡುವಾಗ ಮಣಿಕಟ್ಟಿಗೆ ಕಟ್ಟಿಕೊಳ್ಳುವ ರಿಸ್ಟ್ ಸ್ಟ್ರ್ಯಾಪ್‌ಗೆ ಅದರದೇ ರೆಸಿಸ್ಟರ್ ಇರುತ್ತದೆ, ಅದನ್ನು ನೇರ ಅರ್ತಿಂಗ್‌ಗೇ ಸಿಕ್ಕಿಸಿ.

ಪರೀಕ್ಷೆಗೆ ಸಾಮಾನ್ಯ ಮಲ್ಟಿಮೀಟರ್ ಸಾಲದು, ಸರಿಯಿರುವ ಟೇಬಲ್ಲಿಗೂ ಅದು ‘ಓಎಲ್’ (ಅಳತೆಯ ಮಿತಿ ಮೀರಿದೆ) ಎಂದು ತೋರಿಸಬಹುದು. 100 ವೋಲ್ಟಿನ ಸರ್ಫೇಸ್ ರೆಸಿಸ್ಟೆನ್ಸ್ ಮೀಟರ್ ಎರವಲು ತನ್ನಿ.

ಅಗ್ಗದ ಆಂಟಿ-ಸ್ಟ್ಯಾಟಿಕ್ ಸ್ಪ್ರೇ ಸಾಮಾನ್ಯವಾಗಿ ಗಾಳಿಯ ತೇವ ಹೀರಿ ಕೆಲಸ ಮಾಡುವಂಥದ್ದು. ಜುಲೈನಲ್ಲಿ ಪಾಸಾಗುವ ಅದೇ ಟೇಬಲ್ ಮಾರ್ಚ್‌ನಲ್ಲಿ ಫೇಲಾಗಬಹುದು, ಅಳೆಯುವುದಾದರೆ ಒಣ ಹವೆಯ ಮಧ್ಯಾಹ್ನವೇ ಅಳೆಯಿರಿ. ಬೋರ್ಡಿಗೇ ಬಳಿಯುವ ಕನ್ಫಾರ್ಮಲ್ ಕೋಟಿಂಗ್ ಇರುವುದು ತೇವ, ದೂಳಿಗೆ. ಇಎಸ್‌ಡಿಗೆ ಅದನ್ನು ನಂಬಬೇಡಿ.

ಒರೆಸಲು ಸಿಲಿಕೋನ್ ಅಥವಾ ವ್ಯಾಕ್ಸ್ ಇರುವ ಪಾಲಿಶ್ ಬೇಡ, ಅದು ಮೇಲೆ ಇನ್ಸುಲೇಷನ್ ಪದರ ಕಟ್ಟುತ್ತದೆ. ಬಿಸಿ ಸೋಲ್ಡರಿಂಗ್ ಐರನ್ ಸ್ಟ್ಯಾಂಡಿನಲ್ಲೇ ಇರಲಿ, ಕೋಟಿಂಗ್ ಸುಟ್ಟ ಜಾಗವನ್ನು ಉಜ್ಜಿ ಮತ್ತೆ ಬಳಿಯಬೇಕಾಗುತ್ತದೆ.